ಮೂಲೆ ಮನೆಯ ಗೇಟು

ಇವತ್ತು ಬೆಳಗ್ಗೆ ಕಿಟಕಿ ತೆಗೆದ ಕೂಡಲೇ ಚರಂಡಿ ಹೂಳಿನ ವಾಸನೆ ಮೂಗಿಗೆ ಬಡಿಯಿತು. ಮಳೆಗಾಲಕ್ಕೆ ಮುಂಚೆ ಅಶೋಕಪುರಂನ ನಮ್ಮ ಬೀದಿಗೆ ಜೆಸಿಬಿ ಬರುತ್ತದೆ. ಚರಂಡಿಯ ಕೆಸರನ್ನೆಲ್ಲ ಬಾಚಿ ನಮ್ಮ ನಮ್ಮ ಗೇಟುಗಳ ಮುಂದೆ ಗುಡ್ಡೆ ಹಾಕಿ ಹೋಗುತ್ತದೆ. ಒಣಗಿದ ಮೇಲೆ ಟ್ರ್ಯಾಕ್ಟರ್ ಬರುವುದಂತೆ. ಚರಂಡಿ ಚೊಕ್ಕಟವಾದ ದಿನವೇ ನಮ್ಮ ಬೀದಿ ಗಲೀಜಾಗುವುದು. ನಗಬೇಕಾದ ಮಾತು, ಆದರೆ ಆ ವಾಸನೆಗೆ ನನಗೆ ಅಳು ಬಂತು... ಮೂಲೆ ಮನೆಯ ಅಕ್ಕ ನೆನಪಾದರು.

ಅಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು. ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಸ್ಕೂಟರೇ ಅವರ ಕಾಲು. ಚರಂಡಿಗೆ ಅಡ್ಡ ಹಾಕಿದ ಚಪ್ಪಡಿ ಕಲ್ಲಿನ ಮೇಲೆ ಹಾರ್ನ್ ಹೊಡೆಯುತ್ತಾ ಇಳಿದರೆಂದರೆ ಬೀದಿ ನಾಯಿಗಳೂ ದಾರಿ ಬಿಡುತ್ತಿದ್ದವು. ಯಾರಾದರೂ ಕೈ ಹಿಡಿಯಲು ಹೋದರೆ ಗದರುವರು. ತನ್ನನ್ನು ಎತ್ತಿಕೊಳ್ಳುವ ಹಕ್ಕು ಅವ್ವನೊಬ್ಬಳದೇ ಎನ್ನುವರು.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಅಕ್ಕನ ಅವ್ವ ಆಸ್ಪತ್ರೆ ಸೇರಿದ್ದರು. ಮಗಳ ಕೈಯಿಂದಲ್ಲದೆ ತುತ್ತು ಮುಟ್ಟುತ್ತಿರಲಿಲ್ಲ. ದಿನವೂ ಅಕ್ಕ ರಾಗಿ ಗಂಜಿಯ ಕ್ಯಾರಿಯರ್ ನೇತುಹಾಕಿಕೊಂಡು ಹೊರಡುವರು. ಒಂದು ಬೆಳಗ್ಗೆ ಗೇಟಿನಾಚೆ ಸೊಂಟದೆತ್ತರ ಹೂಳು. ಚಪ್ಪಡಿಯನ್ನೂ ಕಿತ್ತು ಪಕ್ಕಕ್ಕೆ ಎಸೆದಿದ್ದರು. ನಾನು, ನಮ್ಮ ಯಜಮಾನರು ಸಲಿಕೆ ಹಿಡಿದೆವು. ಹಾಳಾದ ಕೆಸರು, ಎತ್ತಿ ಹಾಕಿದಷ್ಟೂ ಜಾರಿ ಬರುತ್ತಿತ್ತು. ಎತ್ತಿ ದಾಟಿಸುತ್ತೇವೆ, ಆಟೋದಲ್ಲಿ ಹೋಗೋಣ ಎಂದರೆ ಅಕ್ಕ ಒಪ್ಪಲಿಲ್ಲ. ಸ್ಕೂಟರಿನ ಮೇಲೇ ಕೂತು ಕಾದರು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಬೇಗ ಬರಬೇಕಂತೆ. ಅಕ್ಕ ನಮ್ಮ ಕಡೆ ಎರಡೂ ಕೈ ಚಾಚಿದರು.

"ನನ್ನ ಎತ್ಕೊಂಡ್ಬುಡಿ ಕಣಮ್ಮ."

ಮೊಣಕಾಲವರೆಗೆ ಕೆಸರಲ್ಲಿ ಹೂತು ದಾಟಿಸಿದೆವು. ಎಷ್ಟು ಹಗುರವಾಗಿದ್ದರು... ಆಟೋದಲ್ಲಿ ಅವರ ಮಡಿಲಲ್ಲಿ ಗಂಜಿ ಇನ್ನೂ ಬಿಸಿಯಾಗಿತ್ತು. ನಾವು ತಲುಪುವಷ್ಟರಲ್ಲಿ ಅವ್ವನ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ತಿಥಿ ಮುಗಿದ ಮೇಲೆ ಟ್ರ್ಯಾಕ್ಟರ್ ಬಂದು ಹೂಳು ಎತ್ತಿಕೊಂಡು ಹೋಯಿತು. ಚಪ್ಪಡಿಯನ್ನೂ ಕೂರಿಸಿದರು. ದಾರಿ ಆಯ್ತಲ್ಲ ಅಕ್ಕ, ಒಂದು ಸುತ್ತು ಹೋಗಿ ಬನ್ನಿ ಎಂದೆ.

"ದಾರಿ ಆಯ್ತು ಬುಡಮ್ಮ. ಹೋಗೋದು ಯಾರ ಹತ್ರಕ್ಕೆ?"

ಆ ಸ್ಕೂಟರು ಮತ್ತೆ ಆ ಕಲ್ಲಿನ ಮೇಲೆ ಇಳಿಯಲಿಲ್ಲ. ಮುಂದಿನ ಮಳೆಗಾಲ ಕಳೆಯುವ ಮೊದಲೇ ಅಕ್ಕನೂ ಹೋಗಿಬಿಟ್ಟರು.

ಇವತ್ತು ನಮ್ಮ ಗೇಟಿನ ಹೂಳು ಹಾಗೇ ಬಿದ್ದಿದೆ. ಸಲಿಕೆ ಹಿಡಿದು ಸೀದಾ ಮೂಲೆ ಮನೆಗೆ ಹೋದೆ. ಈಗಿರುವ ಬಾಡಿಗೆಯವರು ಹೊರಗೆ ಬಂದು, ಬಿಡಿ ಆಂಟಿ, ನಮಗೇನೂ ಅರ್ಜೆಂಟಿಲ್ಲ ಎಂದರು. ನಾನು ಎತ್ತಿ ಹಾಕುತ್ತಲೇ ಇದ್ದೆ. ಎತ್ತಿ ಹಾಕಿದಷ್ಟೂ ಕೆಸರು ಜಾರಿ ಬರುತ್ತಿತ್ತು.