ಎತ್ತಬೇಡಿ ಎನ್ನುವ ಆಂಬುಲೆನ್ಸ್ ಅಕ್ಕ

ಕಾಫಿ ಕಣದ ತಣ್ಣನೆಯ ಸಿಮೆಂಟಿನ ಮೇಲೆ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಅಂಗಾತ ಬಿದ್ದಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುತ್ತ ಹತ್ತಾರು ಆಳುಗಳಿದ್ದರೂ, ಒಬ್ಬರು ತಲೆ ಹಿಡಿದು ಕೂತಿರುವುದು ಬಿಟ್ಟರೆ, ಯಾರೂ ಅವರನ್ನು ಎಬ್ಬಿಸುವುದಿಲ್ಲ. "ಸೊಂಟ ಹೋಯ್ತು, ನೀರಾದ್ರೂ ಕೊಡ್ರಪ್ಪ" ಎಂದು ನರಳಿದರೆ ನೀರೂ ಇಲ್ಲ. ನೋಡಲಾಗದೆ ನಾನು ಒಂದು ಹೆಜ್ಜೆ ಮುಂದಿಡುತ್ತೇನೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಪೇಟೆಯವರಿಗೆ ಇಷ್ಟೂ ಗೊತ್ತಾಗಲ್ಲವಲ್ಲ ಎಂಬ ನಗು ಅವರ ಮುಖದಲ್ಲಿದೆ.

ಇದು ಮಾದಾಪುರದ ಆಚೆ ಬಾಣೆಮೊಟ್ಟೆ ಎಸ್ಟೇಟಿನಲ್ಲಿ ಬೆಳಗಿನ ಕೆಲಸ ಹಂಚುವ ಹೊತ್ತು. ಬಿದ್ದಂತೆ ನಟಿಸುತ್ತಿರುವವರು ಭವ್ಯಶ್ರೀ. ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಮುಟ್ಟುವವರೆಗೆ ಅವರ ಉಸಿರು ಕಾಯುವುದು ಇವರ ಉದ್ಯೋಗ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಬೇಕಾದವರು, ಮೆಣಸು ಕೊಯ್ಲಿನ ಕಾಲ ಬಂತೆಂದರೆ ಹೀಗೆ ಎಸ್ಟೇಟಿಗೆ ಬಂದು ಮಲಗುತ್ತಾರೆ. ನಟನೆ ಮಾತ್ರ ಅಷ್ಟಕ್ಕಷ್ಟೆ.

ಊರು ಸೋಮವಾರಪೇಟೆ ಕಡೆ, ಬೇಸಾಯದ ಮನೆ. ಮಗಳು ಬ್ಯಾಂಕಿನಲ್ಲಿ ಕೂರಲಿ ಎಂಬುದು ಅಮ್ಮನ ಆಸೆಯಾಗಿತ್ತು. ಈಗ ಅದೇ ಅಮ್ಮ ಮದುವೆಮನೆಗಳಲ್ಲಿ, ನಮ್ಮ ಹುಡುಗಿ ಬಂದರೆ ಬಸ್ಸು ಲಾರಿಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ ಎಂದು ಹೇಳಿಕೊಂಡು ತಿರುಗುತ್ತಾರಂತೆ. ಹೆರಿಗೆ, ಹಾವು ಕಡಿತ, ತಿರುವಿನಲ್ಲಿ ಮಗುಚಿದ ಜೀಪು, ಎಲ್ಲವನ್ನೂ ಭವ್ಯಶ್ರೀ ಕಂಡಿದ್ದಾರೆ. ಅವರಿಗೆ ಸದಾ ದಿಗಿಲು ಹುಟ್ಟಿಸುವುದು ಮಾತ್ರ ಮರದಿಂದ ಬೀಳುವವರು.

ಇಲ್ಲಿ ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರವನ್ನು ತಬ್ಬಿ ಎತ್ತರಕ್ಕೆ ಹೋಗುತ್ತದೆ, ಕೊಯ್ಯುವವರು ಒಂಟಿ ಬಿದಿರಿನ ಏಣಿ ಹತ್ತಬೇಕು. ಏಣಿ ಜಾರಿದರೆ ಕತ್ತಿಗೂ ಬೆನ್ನಿಗೂ ಅಪಾಯ. ಅಂಥವರನ್ನು ಅಲುಗಿಸದೆ, ಕತ್ತಿಗೆ ಪಟ್ಟಿ ಹಾಕಿ, ಇಡೀ ಮೈಯನ್ನು ಒಂದೇ ಸಲಕ್ಕೆ ಹೊರಳಿಸಿ ಹಲಗೆಗೆ ಕಟ್ಟಬೇಕೆಂದು ಭವ್ಯಶ್ರೀ ಕಲಿತಿದ್ದರು. ಆಳುಗಳು ವಾಸಿಸುವ ಲೈನ್‌ಮನೆಗಳ ರೂಢಿ ಬೇರೆಯೇ ಇತ್ತು. ಬಿದ್ದವರನ್ನು ಮೊದಲು ನೆಲ ಬಿಡಿಸಬೇಕು, ನೆಲ ಹಿಡಿದರೆ ಮತ್ತೆ ಏಳುವುದಿಲ್ಲ ಎಂಬ ನಂಬಿಕೆ. ನಾಲ್ಕು ಜನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿ, ಬಿಸಿ ಕಾಫಿ ಕುಡಿಸಿ, ಜೀಪಿನಲ್ಲಿ ಕೂರಿಸಿ ಹೊರಟುಬಿಡುತ್ತಿದ್ದರು.

"ನಮ್ಮ ಪ್ರೋಟೊಕಾಲ್ ಏನಿದ್ರೂ ನಾವು ಹೋಗಿ ಇಳಿದ್ಮೇಲೆ ಶುರುವಾಗೋದು. ಅಷ್ಟೊತ್ತಿಗೆ ಇಲ್ಲಿ ಪೇಷಂಟೇ ಇರ್ತಿರ್ಲಿಲ್ಲ" ಎನ್ನುತ್ತಾರೆ ಭವ್ಯಶ್ರೀ.

ಕೆಲವು ವರ್ಷಗಳ ಹಿಂದೆ ಇದೇ ಎಸ್ಟೇಟಿನ ನಿಂಗ ಮರದಿಂದ ಬಿದ್ದರು. ಓಡಿ ಬಂದು ಮೊದಲು ಎತ್ತಿ ಕೂರಿಸಿದವರು ಹೆಂಡತಿಯ ಅಣ್ಣ ಬೋಜ. ಆಂಬುಲೆನ್ಸಿಗೆ ಜೀಪು ಎದುರಾಗಿದ್ದು ದಾರಿ ಮಧ್ಯೆ. ಕಾಲು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ ಎಂದು ನಿಂಗ ಅಷ್ಟೊತ್ತಿಗಾಗಲೇ ಹೇಳತೊಡಗಿದ್ದರು. ಇಂದಿಗೂ ಅವರು ಗಾಲಿಕುರ್ಚಿಯಲ್ಲೇ ಇದ್ದಾರೆ. ಬಿದ್ದಾಗಲೇ ಆದದ್ದೋ ಎತ್ತಿದಾಗ ಆದದ್ದೋ ಹೇಳಲಾಗದು ಎಂದರು ವೈದ್ಯರು. ಬೋಜ ಮಾತ್ರ ತಪ್ಪನ್ನೆಲ್ಲ ತಮ್ಮ ತಲೆ ಮೇಲೆ ಹಾಕಿಕೊಂಡರು. ಆಮೇಲೆ ಅವರು ಏಣಿ ಮುಟ್ಟಿದ್ದಿಲ್ಲ.

ಅಂದಿನಿಂದ ಭವ್ಯಶ್ರೀ ಎಸ್ಟೇಟ್ ಎಸ್ಟೇಟಿಗೆ ಹೋಗಿ, ಬಿದ್ದವರನ್ನು ಮುಟ್ಟಬೇಡಿ ಎಂದು ಹೇಳತೊಡಗಿದರು. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಯಾರಾದರೂ ಬಿದ್ದಾಗ ಮತ್ತೆ ಎತ್ತಿದರು. ಕೊನೆಗೆ ಭವ್ಯಶ್ರೀಯ ಕಣ್ಣು ತೆರೆಸಿದ್ದು ನಿಂಗ ಅವರ ಹೆಂಡತಿ ದೊಡ್ಡಿ, ಈ ಬೆಳಿಗ್ಗೆ ನನ್ನ ತೋಳು ಹಿಡಿದು ಎಳೆದವರು. "ಮುಟ್ಬೇಡಿ ಅಂದ್ರೆ ಆಗಾಕಿಲ್ಲ ಸಿಸ್ಟರೇ. ಬಿದ್ದೋರ ಮುಂದೆ ಕೈ ಕಟ್ಕಂಡು ನಿಂತ್ರೆ ನಾಳೆ ಲೈನಲ್ಲಿ ಮುಖ ಹೆಂಗ್ ತೋರ್ಸದು?" ಎಂದಿದ್ದರಂತೆ ದೊಡ್ಡಿ.

ಆ ಮಾತು ಭವ್ಯಶ್ರೀಗೆ ನಾಟಿತು. ಬೇಡ ಎನ್ನುವುದನ್ನು ಬಿಟ್ಟು ಅವರು ಪ್ರತಿ ಕೈಗೂ ಒಂದು ಕೆಲಸ ಕೊಟ್ಟರು. ಒಬ್ಬರು ಮಂಡಿಯೂರಿ, ಬಿದ್ದವರ ತಲೆ ಅತ್ತಿತ್ತ ತಿರುಗದಂತೆ ಎರಡೂ ಅಂಗೈಯಲ್ಲಿ ಹಿಡಿಯಬೇಕು. ಒಬ್ಬರು ಮಾತಾಡಿಸುತ್ತಿರಬೇಕು, ಮಲಯಾಳವೋ ತಮಿಳೋ, ಅವರಿಗೆ ತಿಳಿಯುವ ಭಾಷೆಯಲ್ಲಿ. ಉಳಿದವರು ಹಲಗೆ ಬರಲು ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ಕಡಿದು ದಾರಿ ಬಿಡಿಸಬೇಕು. ಫಸಲಿನ ರೆಕ್ಕೆ ಕಡಿಯಲು ಮಾಲೀಕರನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು ಎಂದು ನಗುತ್ತಾರೆ. ಗೇಟಿನಲ್ಲಿ ಕೆಂಪು ಟವೆಲ್ ಹಿಡಿದು ಆಂಬುಲೆನ್ಸಿಗೆ ದಾರಿ ತೋರುವ ಕೆಲಸ ದೊಡ್ಡಿಯವರದು. ತಲೆ ಹಿಡಿಯಲು ಯಾರೂ ಕರೆಯದೆ ಮುಂದೆ ಬಂದವರು ಬೋಜ.

ಹೋದ ಕೊಯ್ಲಿನಲ್ಲಿ ಏಣಿಯಿಂದ ಬಿದ್ದದ್ದು ನಿಂಗ-ದೊಡ್ಡಿ ದಂಪತಿಯ ಮಗ ನಿತೇಶ್.

ಬೋಜ ಮಂಡಿಯೂರಿ ಸೋದರಳಿಯನ ತಲೆ ಹಿಡಿದು ಕೂತರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೀರ್ತಿಕುಮಾರ್ ಗಾಬರಿಯಲ್ಲಿ ಜೀಪು ತಂದು, ಹತ್ತಿಸಿ, ಹುಡುಗ ಹೋಗಿಬಿಡ್ತಾನೆ ಎಂದು ಕೂಗಾಡಿದರು. ಇಬ್ಬರು ಎತ್ತಲು ಬಗ್ಗಿಯೂಬಿಟ್ಟರು. "ಒಂದ್ಸಲ ಎತ್ತಿದ್ದೀನಿ ಸರ್. ಇವತ್ತು ಎತ್ತಾಕೆ ಬಿಡಾಕಿಲ್ಲ" ಎಂದರು ಬೋಜ. ಅವರ ಅಂಗೈಗಳ ನಡುವೆ ಹುಡುಗನ ತಲೆ ಅಲುಗಲಿಲ್ಲ.

ಆಂಬುಲೆನ್ಸ್ ತಿರುವು ದಾಟಿದಾಗ ಭವ್ಯಶ್ರೀಗೆ ಕಂಡದ್ದು ಗೇಟಿನಲ್ಲಿ ಕೆಂಪು ಟವೆಲ್ ಬೀಸುತ್ತಾ ನಿಂತ ದೊಡ್ಡಿ. ಮೇಲೆ ತೋಟದಲ್ಲಿ ಬಿದ್ದಿರುವುದು ಹೆತ್ತ ಮಗ, ಈಕೆ ಅವನಿಗೆ ಬೆನ್ನು ಹಾಕಿ ರಸ್ತೆ ಕಾಯುತ್ತಿದ್ದಾರೆ. ಕತ್ತಿಗೆ ಪಟ್ಟಿ ಹಾಕಿ, ಹಲಗೆಗೆ ಕಟ್ಟಿ, ಬಿಡಿಸಿಟ್ಟ ದಾರಿಯಲ್ಲಿ ನಿತೇಶ್ ಅವರನ್ನು ಇಳಿಸಿದರು. ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ತಿಂಗಳುಗಟ್ಟಲೆ ಮಲಗಿದ ನಿತೇಶ್ ಈಗ ಓಡಾಡುತ್ತಿದ್ದಾರೆ. ಈ ಬೆಳಿಗ್ಗೆ ಗುಂಪಿನ ಹಿಂದೆ ನಿಂತು ಭವ್ಯಶ್ರೀಯ ನಟನೆಗೆ ಮುಸಿಮುಸಿ ನಗುತ್ತಿರುವವರು ಅವರೇ.

ಹುದಿಕೇರಿ ಕಡೆಯ ಆಂಬುಲೆನ್ಸಿನ ಗೆಳತಿಯೊಬ್ಬಳು, ನಮ್ಮಲ್ಲಿಗೂ ಬೋಜಣ್ಣನನ್ನು ಕರೆದುಕೊಂಡು ಬಾ ಎಂದಿದ್ದಾಳಂತೆ. ಅಷ್ಟು ಜನರ ಮುಂದೆ ನಾನೇನು ಮಾತಾಡಲಿ ಎಂದು ಬೋಜ ನಾಚುತ್ತಾರೆ. ಭವ್ಯಶ್ರೀಯ ಆಸೆ ದೊಡ್ಡದೇನಲ್ಲ. "ನಾನು ಇಳಿದಾಗ ಪೇಷಂಟ್ ಬಿದ್ದ ಜಾಗದಲ್ಲೇ ಸಿಗ್ಲಿ. ಆಮೇಲಿಂದು ನಾನು ನೋಡ್ಕೋತೀನಿ" ಎನ್ನುತ್ತಾರೆ, ಮಲಗಿದಲ್ಲಿಂದಲೇ. ಅವರ ತಲೆ ಇನ್ನೂ ಬೋಜ ಅವರ ಅಂಗೈಗಳ ನಡುವೆ ಇದೆ.

ಬಿಸಿಲು ಕಣಕ್ಕೆ ಇಳಿಯುತ್ತಿದೆ. ಕಣದ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಮೆಣಸು ಹಸನು ಮಾಡುತ್ತಿದ್ದ ನಿಂಗ ಮೊರ ಪಕ್ಕಕ್ಕಿಟ್ಟು ಭಾವನ ಕಡೆ ನೋಡುತ್ತಾರೆ.

"ಪಾಠ ಮುಗೀತಲ್ಲ ಭಾವ. ನೆಲ ಥಂಡಿ ಅದೆ, ಇನ್ ಎತ್ತು ಆ ಅಕ್ಕನ್ನ."