ಅಲ್ ಬರ್ಷಾ ತಂಡ ಬಿಡದ ಮೊಮ್ಮಗಳು

ನನ್ನ ಮೊಮ್ಮಗಳು ಎಲ್ಲಿಗೂ ಹೋಗುವುದಿಲ್ಲ! ನಮ್ಮ ಅಲ್ ಬರ್ಷಾ ಬಡಾವಣೆಯ ಥ್ರೋಬಾಲ್ ತಂಡದಲ್ಲೇ ಉಳಿದಳು. ಊರಿನವರಿಗೆಲ್ಲ ಫೋನು ಹಚ್ಚಿ ಹೇಳಿದೆ. ಒಳಗೆ ಸಂತೋಷ ಉಕ್ಕಿ ಚೆಲ್ಲುತ್ತಿತ್ತು.

ದುಬೈಯಲ್ಲಿರುವ ಮಗನ ಮನೆಗೆ ಬಂದ ಮೇಲೆ ನನಗೆ ಶುಕ್ರವಾರವೆಂದರೆ ಈ ಆಟವೇ. ನಮ್ಮ ಕಡೆಯ ಹೆಣ್ಣುಮಕ್ಕಳು ಕಟ್ಟಿಕೊಂಡ ತಂಡಗಳು, ಚಳಿಗಾಲ ಪೂರ್ತಿ ಪಂದ್ಯ. ಆ ವರ್ಷ ನಮ್ಮವರು ಒಂದನ್ನೂ ಗೆದ್ದಿರಲಿಲ್ಲ. ಕಾಲೇಜು ಓದುವ ನನ್ನ ಮೊಮ್ಮಗಳೊಬ್ಬಳೇ ಆಟಗಾರ್ತಿ ಅನ್ನಿಸಿಕೊಂಡವಳು. ಅಬುಧಾಬಿಯ ಖಲೀಫಾ ಸಿಟಿ ತಂಡ ಅವಳನ್ನು ಕೇಳಿತು. ಬದಲಿಗೆ ತಮ್ಮ ಇಬ್ಬರನ್ನು ಕೊಡುತ್ತೇವೆ ಅಂದಿತು. ಪಂದ್ಯಗಳ ನಡುವೆ ಹೀಗೆ ಅದಲುಬದಲು ಮಾಡಬೇಕಾದರೆ ಹುಡುಗಿಯ ಮನೆಯವರು ಒಪ್ಪಬೇಕು.

ಒಂದು ಬೆಳಿಗ್ಗೆ ಎರಡೂ ತಂಡದ ನಾಯಕಿಯರು ಮನೆಗೆ ಬಂದರು. ನಮ್ಮ ನಾಯಕಿ ಇದೇ ಕಟ್ಟಡದ ಡಾಕ್ಟರಮ್ಮ. ಆ ಕಡೆಯಾಕೆ ವಿಜಯಪುರದವಳು.

"ಒಬ್ಬಾಕಿ ಮ್ಯಾಲ ಎಷ್ಟ ದಿನಾ ನಡೀತದ್ರಿ ಅಜ್ಜಾರ? ಇಬ್ಬರು ಬಂದ್ರ ನಮಗೂ ಕೈ ಹೆಚ್ಚಾಗ್ತಾವ" ಎಂದಳು ಡಾಕ್ಟರಮ್ಮ.

"ಅಜ್ಜಾ, ಐ ಆಮ್ ನಾಟ್ ಗೋಯಿಂಗ್" ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಅಂದಳು.

ವಿಚಾರ ಮಾಡಿ ತಿಳಿಸುತ್ತೇವೆ ಅನ್ನುವಷ್ಟರಲ್ಲಿ ಸೊಸೆ ಬಿಸಿ ಶಿರಾ ತಂದಿಟ್ಟಳು. ಅವಳು ದುಬೈಯಲ್ಲೇ ಬೆಳೆದವಳು, ಊರಿನ ರೀತಿ ಗೊತ್ತಿಲ್ಲ. ನಮ್ಮ ಕಡೆ ಹೆಣ್ಣು ಕೇಳಲು ಬಂದವರಿಗೆ ಮಾತು ಮುಗಿಯುವ ತನಕ ಉಪ್ಪಿಟ್ಟು, ಚಹಾ ಅಷ್ಟೇ. ಸಿಹಿ ಇಟ್ಟರೆ ಒಪ್ಪಿದ ಹಾಗೆ. ವಿಜಯಪುರದಾಕೆ ಒಂದು ಚಮಚ ಬಾಯಿಗಿಟ್ಟು, "ಬಾಯಿ ಸಿಹಿ ಮಾಡಿದ್ರಿ! ಖಲಾಸ್, ಹುಡುಗಿ ನಮ್ಮಾಕಿ" ಎಂದು ನಕ್ಕಳು. ಸಿಹಿ ಇಟ್ಟ ಮೇಲೆ ಇಲ್ಲ ಅನ್ನುವುದು ಹೇಗೆ?

ಆ ವಾರ ಮೊಮ್ಮಗಳು ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಂಡಳು. ನಾನು ಕಿಟಕಿಯಲ್ಲಿ ಮೆಟ್ರೋ ಹೋಗುವುದನ್ನು ನೋಡುತ್ತ ಕೂತೆ. ಚಹಾ ಕುಡಿದೆನೋ ಇಲ್ಲವೋ ಅದೂ ನೆನಪಿಲ್ಲ.

ಶುಕ್ರವಾರ ನಮ್ಮ ತಂಡದಲ್ಲಿ ಅವಳ ಕಡೆಯ ಆಟ. ಅವಳನ್ನು ಕರೆದೊಯ್ಯಲು ವಿಜಯಪುರದಾಕೆಯೂ ಬಂದು ನಿಂತಿದ್ದಳು.

"ನಾ ಹೆಂಗೂ ಹೋಗಾಕಿ. ನಿಮ್ಮ ಚೆಂಡು ನೀವ ಹಿಡೀರಿ" ಎಂದ ಮೊಮ್ಮಗಳು ತನ್ನ ಜಾಗ ಬಿಟ್ಟು ಅಲುಗಲಿಲ್ಲ. ಅದುವರೆಗೆ ಎಲ್ಲರ ಚೆಂಡಿಗೂ ಇವಳೇ ಓಡುತ್ತಿದ್ದಳು, ಉಳಿದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಮೊದಮೊದಲು ಚೆಂಡು ದಬದಬ ನೆಲಕ್ಕೆ ಬಿತ್ತು. ಆಮೇಲೆ ಒಬ್ಬಳು ಹಿಡಿದಳು, ಅವಳನ್ನು ನೋಡಿ ಇನ್ನೊಬ್ಬಳು. ನಮ್ಮವರು ಗೆದ್ದೇಬಿಟ್ಟರು!

ಡಾಕ್ಟರಮ್ಮ ಬೆವರು ಒರೆಸಿಕೊಳ್ಳುತ್ತ ವಿಜಯಪುರದಾಕೆಯ ಹತ್ತಿರ ಹೋದಳು. "ಕೈ ನಮ್ಮಲ್ಲೇ ಅದಾವ್ರಿ. ಹುಡುಗೀನ ಕೊಡೂದಿಲ್ಲ."

"ಮತ್ತ ಶಿರಾ ತಿಂದದ್ದು?"

"ಅದು ನಾಷ್ಟಾರಿ! ಚಲೋ ಇತ್ತಿಲ್ಲೋ?"

ಆಕೆ ನನ್ನ ಕಡೆ ತಿರುಗಿದಳು. "ಖರೇನ ಏನ್ರಿ ಅಜ್ಜಾರ?"

"ಹೌದವ್ವಾ. ಹುಡುಗಿಗೆ ಮನಸ್ಸಿಲ್ಲ." ಅಷ್ಟು ದಿನ ಬಾರದ ಮಾತು ಈಗ ಬಂತು.

"ಮೊದಲ ಹೇಳಬಾರದೇನ್ರಿ? ಅಬುಧಾಬಿಯಿಂದ ಪೆಟ್ರೋಲು ಸುಟಗೊಂಡು ಬಂದೀನಿ!" ಎಂದು ಬೈಯುತ್ತಲೇ ಮೊಮ್ಮಗಳ ಬೆನ್ನು ತಟ್ಟಿ ಹೋದಳು.

ಆ ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ರೊಟ್ಟಿ, ಎಣ್ಣೆಗಾಯಿ, ಮೊಸರು. ಮೊಮ್ಮಗಳು ತಟ್ಟೆ ಹಿಡಿದು ಕೋಣೆಯಿಂದ ಹೊರಗೆ ಬಂದು ನನಗೆ ತಾಗಿ ಕೂತಳು. ಯಾರು ಯಾವ ಚೆಂಡು ಹೇಗೆ ಹಿಡಿದರೆಂದು ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳತೊಡಗಿದಳು. ಸೊಸೆ, "ಮೊದಲ ನುಂಗು" ಎಂದು ಗದರಿಸಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.