ಸ್ಲ್ಯಾಮ್ ಡಂಕ್‌ಗೆ ನಾನು ಸಹಿ ಹಾಕಲಿಲ್ಲ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲಿಫ್ಟಿನ ಬ್ರೇಕಿಗೆ ಬೇಕಾದ ಉಕ್ಕಿನ ಬಿಡಿಭಾಗಗಳು ತಯಾರಾಗುತ್ತವೆ. ಅವನ್ನು ಪರೀಕ್ಷಿಸಿ, ಸರಿಯಿದ್ದರೆ ಸಹಿ ಹಾಕುವುದು ನನ್ನ ಕೆಲಸ. ನಾನು ಗದಗಿನ ಕಡೆಯವಳು. ಓದುವಾಗ ಆರು ವರ್ಷ ಬಾಸ್ಕೆಟ್‌ಬಾಲ್ ಆಡಿದ್ದೆ. ಐದಡಿಯ ಹುಡುಗಿಗೆ ಈ ಆಟ ಯಾಕೆಂದು ನಕ್ಕವರಿದ್ದರು. ಅವರ ಕಾಲ ಸಂದಿಯಲ್ಲೇ ಚೆಂಡು ದಾಟಿಸಿದ್ದೇನೆ.

ಹೋದ ವರ್ಷ ದೊಡ್ಡ ಗಿರಾಕಿಯೊಬ್ಬರಿಂದ ಮೊದಲ ಆರ್ಡರು ಬಂತು. ಮಾಲು ಕಳಿಸುವ ಬೆಳಿಗ್ಗೆ ಕೆಲವು ತುಂಡುಗಳಿಗೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿ ನೋಡಿದೆ. ಮೂರರ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಬಣ್ಣ ಅದು! ಒಂದೊಂದನ್ನೂ ಪರೀಕ್ಷಿಸಬೇಕು, ಎರಡು ದಿನ ಬೇಕು ಎಂದೆ.

ಮ್ಯಾನೇಜರ್ ನಕ್ಕರು. "ಮೂರೇ ತಾನೇ? ಎತ್ತಿಟ್ಬಿಡಿ. ಉಳಿದಿದ್ದೆಲ್ಲ ಸ್ಲ್ಯಾಮ್ ಡಂಕ್ ಕಣ್ರೀ. ಸೈನ್ ಮಾಡಿ, ಲಾರಿ ಕಾಯ್ತಿದೆ."

ಗೆದ್ದೇ ಗೆಲ್ಲುವ ಕೆಲಸ ಎನ್ನಲು ಅವರು ಪ್ರತಿ ಮೀಟಿಂಗಿನಲ್ಲೂ ಆಡುತ್ತಿದ್ದ ಮಾತು ಅದು. ಅಂದು ನನಗೆ ತಡೆಯಲಾಗಲಿಲ್ಲ.

"ಸರ್, ನೀವು ಬಾಸ್ಕೆಟ್‌ಬಾಲ್ ಆಡೀರೇನ್ರಿ?"

"ಇಲ್ಲ. ಯಾಕೆ?"

"ನಾ ಆಡೇನ್ರಿ. ರಿಂಗಿನ ಮಟಾ ಜಿಗಿದು, ಚೆಂಡನ್ನ ಕೈಯಾರೆ ಒಳಗ ಬಡಿಯೂದಕ್ಕ ಡಂಕ್ ಅಂತಾರ. ಅಂಥಾ ಚೆಂಡೂ ರಿಂಗಿಗೆ ಬಡದು ಹೊರಗ ಬಿದ್ದದ್ದನ್ನ ಕಣ್ಣಾರೆ ಕಂಡೀನಿ. ಅಲ್ಲಿ ಎರಡು ಪಾಯಿಂಟ್ ಹೋಗ್ತಾವ. ಇಲ್ಲಿ ಲಿಫ್ಟಿನ್ಯಾಗ ಮಂದಿ ಇರ್ತಾರ್ರಿ."

"ಸೈನ್ ಮಾಡ್ತೀರೋ, ಇಲ್ವೋ?"

"ಇಲ್ರಿ."

ಅವರೇ ಸಹಿ ಹಾಕಿದರು. ಲಾರಿ ಹೋಯಿತು. ಮಧ್ಯಾಹ್ನದಿಂದಲೇ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಬಿರುಕಿದ್ದ ಮೂರು ತುಂಡುಗಳನ್ನು ಹಿಡಿದು ನೇರ ಮಾಲೀಕರ ಕೋಣೆಗೆ ನಡೆದೆ. ಅವರ ಮೇಜಿನ ಮೇಲೆ ತುಂಡುಗಳನ್ನು ಸಾಲಾಗಿ ಇಟ್ಟೆ. ಅವರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಗಿರಾಕಿಗೆ ಫೋನ್ ಮಾಡಿ, ಮಾಲನ್ನು ಬಳಸಬೇಡಿ, ವಾಪಸ್ ಕಳಿಸಿ ಎಂದರು.

ಬಂದ ಮಾಲನ್ನೆಲ್ಲ ಪರೀಕ್ಷಿಸಿದಾಗ ಇನ್ನೂ ಹನ್ನೊಂದರಲ್ಲಿ ಬಿರುಕು ಸಿಕ್ಕಿತು.

"ಮತ್ತೆ ನಿನ್ನ ಜಾಗಕ್ಕೆ ಹೋಗಮ್ಮ," ಎಂದರು ಮಾಲೀಕರು.

"ಹೋಗ್ತೇನ್ರಿ. ಆದ್ರ ನಾ ಬ್ಯಾಡ ಅಂದ ಮಾಲಿಗೆ ಬ್ಯಾರೆ ಯಾರೂ ಸೈನ್ ಮಾಡಬಾರದು. ಬರದು ಕೊಡ್ರಿ."

ಅವರು ಹುಬ್ಬೇರಿಸಿದರು. ನಾನು ನಿಂತೇ ಇದ್ದೆ. ಕೊನೆಗೆ ಬರೆದುಕೊಟ್ಟರು.

ಬೆನ್ನ ಹಿಂದೆ ನನ್ನನ್ನು ಜಗಳಗಂಟಿ ಎನ್ನುತ್ತಾರಂತೆ. ಎನ್ನಲಿ. ಆ ಕಾಗದ ನನ್ನ ಮೇಜಿನ ಗಾಜಿನಡಿ, ಎಲ್ಲರಿಗೂ ಕಾಣುವ ಹಾಗೆ ಇದೆ.